ಮಂಗಳವಾರದ ತಾತಂದಿರು
(ಹಳೇ ಮನೆ, ಹಳೇ ಸಾಮಾನು, ಹಳೇ ಕಾಗದದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ನಮ್ಮ ಮಗಳು ಸ್ವೀಡನ್‌ನಲ್ಲಿ ಓದುತ್ತಿದ್ದಾಳೆ, ಉಪ್ಸಾಲಾ ಹತ್ತಿರ. ಪ್ರತಿ ಮಂಗಳವಾರ ಸಂಜೆ ಪಕ್ಕದ ಹಳ್ಳಿಯ ಪುಟ್ಟ ಮ್ಯೂಸಿಯಂಗೆ ಹೋಗಿ ಪುಕ್ಕಟೆ ಕೆಲಸ ಮಾಡಿ ಬರುತ್ತಾಳೆ. ಫೋನ್ ಮಾಡಿದರೆ 'ಇವತ್ತು ಗೋಡೆ ಉಜ್ಜಿದೆ, ಚಮಚಕ್ಕೆ ನಂಬರ್ ಬರೆದೆ' ಅಂತಾಳೆ. ಇಲ್ಲಿದ್ದಾಗ ಕುಡಿದ ಲೋಟ ಎತ್ತಿಡದವಳು! ಜನವೇ ಬರದ ಜಾಗದಲ್ಲಿ ವಾರ ವಾರ ಅಂಥ ಕೆಲಸ ಏನಿರುತ್ತೆ?
— ಒಬ್ಬ ತಾಯಿ, ಬನಶಂಕರಿ

ಉತ್ತರ: ಲೋಟದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಉಳಿದದ್ದು ಹೇಳುತ್ತೇನೆ.

ಅಂಥ ಜಾಗಕ್ಕೆ ಅಲ್ಲಿ ಹೆಂಬಿಗ್ಡ್ಸ್‌ಗೋರ್ಡ್ ಅನ್ನುತ್ತಾರೆ. ಹೆಂಬಿಗ್ಡ್ ಅಂದರೆ ನಾವು 'ನಮ್ಮೂರ ಕಡೆ' ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಊರಿನ ಹಳೇ ಮರದ ಮನೆ, ಕಣಜ, ಕೊಟ್ಟಿಗೆ ಎಲ್ಲ ಒಂದೇ ಕಡೆ ಇರುತ್ತವೆ. ಎಷ್ಟೋ ಮನೆಗಳನ್ನು ಬೇರೆ ಕಡೆಯಿಂದ ದಿಮ್ಮಿ ದಿಮ್ಮಿ ಬಿಚ್ಚಿ ತಂದು ಮತ್ತೆ ಜೋಡಿಸಿರುತ್ತಾರೆ. ನಡೆಸುವುದು ಊರಿನ ಸಂಘ. ದೇಶದಲ್ಲಿ ಇಂಥ ಸಂಘಗಳು ಸುಮಾರು 2,000 ಇವೆ, ಅವುಗಳ ಒಕ್ಕೂಟ ಶುರುವಾಗಿದ್ದು 1916ರಲ್ಲಿ. ಸಂಬಳಕ್ಕೆ ಕೆಲಸ ಮಾಡುವವರು ಒಬ್ಬರೂ ಇಲ್ಲದ ಕಡೆಯೇ ಜಾಸ್ತಿ.

ಹಾಗಾದರೆ ಕೆಲಸ ಮಾಡೋರು ಯಾರು? ರಿಟೈರ್ ಆದ ತಾತಂದಿರು. ವಾರಕ್ಕೊಂದು ದಿನ ಸೇರುತ್ತಾರೆ, ಸೇರುವ ದಿನವೇ ಅವರ ಹೆಸರಾಗಿಬಿಡುತ್ತದೆ. ಟೀಸ್‌ದಾಗ್ಸ್‌ಗುಬ್ಬಾರ್ ಅಂದರೆ ಮಂಗಳವಾರದ ಮುದುಕರು. ಹಾಗೇ ಬುಧವಾರದವರು, ಗುರುವಾರದವರೂ ಇದ್ದಾರೆ. ನಮ್ಮಲ್ಲಿ ಮಂಗಳವಾರ ಹೊಸ ಕೆಲಸ ಶುರು ಮಾಡೋದಿಲ್ಲ ಅಲ್ವಾ, ಇವರಿಗೆ ಆ ಚಿಂತೆಯೇ ಇಲ್ಲ, ಯಾಕಂದ್ರೆ ಹೋದ ವಾರ ಅರ್ಧಕ್ಕೆ ಬಿಟ್ಟದ್ದೇ ಈ ವಾರಕ್ಕೂ ಸಾಕಾಗಿ ಮಿಗುತ್ತದೆ. ಬೇಲಿ ಮುರಿದಿರುತ್ತದೆ, ಹುಲ್ಲು ಬೆಳೆದಿರುತ್ತದೆ, ಮಾಡು ಸೋರುತ್ತಿರುತ್ತದೆ.

ಮಗಳು ಉಜ್ಜಿದ ಗೋಡೆ ಕೆಂಪು ಬಣ್ಣದ್ದೇ ಇರಬೇಕು. ಆ ಬಣ್ಣ ನಮ್ಮ ಕೆಮ್ಮಣ್ಣಿನ ದೂರದ ನೆಂಟ. ಫಾಲುನ್ ಎಂಬ ಊರಿನ ತಾಮ್ರದ ಗಣಿಯಲ್ಲಿ ಉಳಿದ ಕೆಂಪು ಮಣ್ಣಿಗೆ ರೈ ಎಂಬ ಧಾನ್ಯದ ಹಿಟ್ಟು, ನೀರು, ಅಗಸೆ ಎಣ್ಣೆ ಸೇರಿಸಿ ಗಂಜಿ ಹಾಗೆ ಕುದಿಸಿ ಮಾಡುತ್ತಾರೆ. ಗಣಿ 1992ರಲ್ಲಿ ಮುಚ್ಚಿತು, ಬಣ್ಣ ಇನ್ನೂ ಬರುತ್ತಿದೆ. ಮರ ಉಸಿರಾಡಲು ಬಿಡುತ್ತದೆ ಅನ್ನೋದು ಇದರ ಗುಣ. ಹೊಸದಾಗಿ ಬಳಿಯುವ ಮುಂಚೆ ಪುಡಿಪುಡಿಯಾಗಿ ಎದ್ದ ಹಳೇ ಬಣ್ಣವನ್ನು ಬ್ರಷ್‌ನಿಂದ ಉಜ್ಜಿ ಉದುರಿಸಬೇಕು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಹಾಗಾಗಿ ಸಂಜೆ ಎಷ್ಟು ಹೊತ್ತು ಬೇಕಾದರೂ ಉಜ್ಜಬಹುದು, ಪಾಪ.

ಜನ ಬರೋದಿಲ್ಲ ಅಂತೀರಿ. ಬೇಸಿಗೆಯ ಭಾನುವಾರ ಹೋಗಿ ನೋಡಿ! ಕಾಫಿ, ದಾಲ್ಚಿನ್ನಿ ಬನ್ನು, ಜಾಮ್ ಹಾಕಿದ ವಾಫಲ್. ಆ ಕಾಫಿ ದುಡ್ಡಿನಲ್ಲೇ ಎಷ್ಟೋ ಮಾಡುಗಳು ರಿಪೇರಿಯಾಗಿವೆ. ಜೊತೆಗೆ ಅಮೆರಿಕದಿಂದ ಬೇರು ಹುಡುಕಿಕೊಂಡು ಬರುವವರು. 1850ರಿಂದ 1930ರೊಳಗೆ ಸುಮಾರು 13 ಲಕ್ಷ ಸ್ವೀಡನ್ನರು ಊರು ಬಿಟ್ಟು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರ ಮರಿಮಕ್ಕಳು ಒಂದು ಹಳೇ ಫೋಟೋ ಹಿಡಿದು ಬಂದು 'ನಮ್ಮ ಮುತ್ತಜ್ಜನ ಮನೆ ಯಾವುದು?' ಅಂತ ಕೇಳುತ್ತಾರೆ. ನಮ್ಮಲ್ಲಿ ಹೆಳವರು ಎತ್ತು ಹೊಡೆದುಕೊಂಡು ಬಂದು ವಂಶಾವಳಿ ಓದುತ್ತಿದ್ದರಲ್ಲ, ಅಲ್ಲಿ ಆ ಕೆಲಸಕ್ಕೆ ಚರ್ಚಿನ ದಪ್ಪ ಪುಸ್ತಕಗಳಿವೆ. ಪಾದ್ರಿ ಮನೆ ಮನೆಯ ಹೆಸರು ಬರೆದಿಡಬೇಕು ಅಂತ 1686ರಲ್ಲೇ ಕಾನೂನು ಬಂತು. ಪುಸ್ತಕದಲ್ಲಿ ಮನೆ ಹೆಸರು ಸಿಕ್ಕರೂ ಆ ಮನೆ ಈಗ ಯಾವ ಮರಗಳ ಹಿಂದೆ ಇದೆ ಅಂತ ತೋರಿಸಲು ಮಾತ್ರ ಮಂಗಳವಾರದ ತಾತನೇ ಬೇಕು.

ಚಮಚದ ನಂಬರಿಗೆ ಮುಂದಿನ ಉತ್ತರ ನೋಡಿ.

ಪ್ರಶ್ನೆ: ಮಾಗಡಿ ಹತ್ತಿರ ನಮ್ಮ ತಾತನ ಮನೆ ಖಾಲಿ ಇದೆ. ಒನಕೆ, ಬೀಸೋಕಲ್ಲು, ಸೇರು, ಪಾವು, ಹಂಡೆ ಎಲ್ಲ ಇವೆ. ಸಣ್ಣ ಮ್ಯೂಸಿಯಂ ಮಾಡೋಣ ಅಂತ ಆಸೆ. ಗಾಜಿನ ಬೀರು ಮಾಡಿಸಲು ಎಷ್ಟಾಗಬಹುದು?
— ನಿವೃತ್ತ ಮೇಷ್ಟ್ರು, ವಿಜಯನಗರ

ಉತ್ತರ: ಬೀರು ಆಮೇಲೆ ಸಾರ್. ಮೊದಲು ಒಂದು ರಟ್ಟಿನ ನೋಟ್‌ಬುಕ್ ತನ್ನಿ.

ಪ್ರತಿ ಸಾಮಾನಿಗೂ ಒಂದು ನಂಬರ್: ಬಂದ ವರ್ಷ, ಚುಕ್ಕಿ, ಕ್ರಮಸಂಖ್ಯೆ. ಅದೇ ನಂಬರ್ ಪುಸ್ತಕದಲ್ಲಿ, ಅದೇ ನಂಬರ್ ಸಾಮಾನಿನ ಮೇಲೆ. ಎದುರಿಗೆ ಬರೆಯಬೇಡಿ, ತಳದಲ್ಲೋ ಹಿಂಬದಿಯಲ್ಲೋ ಬರೆಯಿರಿ. ಲೋಹ, ಮರಕ್ಕಾದರೆ ಮೊದಲು ಬೆರಳುಗುರಿನಷ್ಟು ಜಾಗಕ್ಕೆ ಪಾರಲಾಯ್ಡ್ ಎಂಬ ತಿಳಿ ವಾರ್ನಿಶ್ ಹಚ್ಚಿ, ಒಣಗಲು ಬಿಟ್ಟು, ಸಣ್ಣ ನಿಬ್ಬಿನಲ್ಲಿ ಕಪ್ಪು ಇಂಕಿನಿಂದ ಬರೆದು, ಅದರ ಮೇಲೆ ಮತ್ತೊಂದು ಪದರ. ಬೇಡ ಅನ್ನಿಸಿದ ದಿನ ಅಸಿಟೋನ್‌ನಲ್ಲಿ ಅಳಿಸಬಹುದು, ಸಾಮಾನಿಗೆ ಗಾಯ ಆಗುವುದಿಲ್ಲ. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಬರೆದು ಎರಡು ಹೊಲಿಗೆ ಹಾಕಿ. ಕಾಗದಕ್ಕೆ ಬರೀ ಪೆನ್ಸಿಲ್. ಉಪ್ಸಾಲಾದ ಹುಡುಗಿ ಚಮಚಕ್ಕೆ ಮಾಡುತ್ತಿರುವುದು ಇದನ್ನೇ.

ಪುಸ್ತಕದಲ್ಲಿ 'ಸೇರು, ಹಿತ್ತಾಳೆ' ಅಂತ ಬರೆದು ಬಿಡಬೇಡಿ. ಅದು ಯಾರದ್ದು, ಅದರಲ್ಲಿ ರಾಗಿ ಅಳೆದದ್ದು ಯಾರಿಗೆ, ಕಂಠ ಯಾಕೆ ಸೊಟ್ಟಗಿದೆ, ಇದನ್ನೆಲ್ಲ ಊರಲ್ಲಿ ಉಳಿದಿರುವ ಅಜ್ಜಿಯರನ್ನು ಈ ತಿಂಗಳೇ ಕೇಳಿ. ಆ ಮಾತು ಇಲ್ಲದಿದ್ದರೆ ಅಂಥ ಸೇರು ಚಿಕ್ಕಪೇಟೆಯಲ್ಲಿ ತೂಕಕ್ಕೆ ಸಿಗುತ್ತದೆ.

ಇನ್ನೊಂದು, ಹಂಡೆ ಉಜ್ಜಬೇಡಿ. ಮ್ಯೂಸಿಯಂ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಉಗ್ರಾಣಕ್ಕೆ ಬಂದ ಒಂದು ನೀರಿನ ಹಂಡೆಯನ್ನು ನಾನು ಹುಣಸೆಹಣ್ಣು ಹಾಕಿ ಫಳಫಳ ಅನ್ನುವ ತನಕ ತಿಕ್ಕಿದ್ದೆ. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ. ನಮ್ಮ ಹಿರಿಯರು ಬಂದು ತಳ ತಿರುಗಿಸಿ ನೋಡಿ, 'ಎಷ್ಟೋ ವರ್ಷದ ಒಲೆ ಮಸಿ ಇತ್ತಲ್ಲೋ ಇಲ್ಲಿ, ಎಲ್ಲಿ ಹೋಯ್ತು?' ಅಂದರು. ಬಚ್ಚಲಿನ ಚರಂಡಿಗೆ ಹೋಗಿತ್ತು.

ಪ್ರಶ್ನೆ: ಅಮ್ಮನ ಉಣ್ಣೆ ಶಾಲಿಗೆ ನುಸಿ ಹಿಡಿದು ತೂತಾಗಿದೆ. ಬೇವಿನ ಸೊಪ್ಪು ಇಟ್ಟರೂ ಹೋಗುತ್ತಿಲ್ಲ.
— ಗೃಹಿಣಿ, ಮಲ್ಲೇಶ್ವರ

ಉತ್ತರ: ಬೇವು, ಬಜೆ ಇಡುವುದು ಹುಳು ಬರದಿರಲಿ ಅಂತ. ಬಂದ ಮೇಲೆ ಅವನ್ನೇ ನಂಬಿ ಕೂರಬೇಡಿ. ಹಾರಾಡುವ ನುಸಿ ಉಣ್ಣೆ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳು. ಸ್ವೀಡನ್‌ನಲ್ಲಿ ಗಟ್ಟಿ ಚಳಿ ಬಿದ್ದಾಗ ಕಂಬಳಿ, ಜಮಖಾನೆಯನ್ನು ಹಿಮದಲ್ಲಿ ಹರಡಿ ಬಡಿಯುತ್ತಾರೆ. ನಮ್ಮ ಚಳಿಗೆ ಸ್ವೆಟರ್ ತೆಗೆಯಬಹುದು ಅಷ್ಟೇ, ಹುಳು ಸಾಯಲ್ಲ. ಅದಕ್ಕೆ ಫ್ರೀಜರ್ ಇದೆ. ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಎರಡು ವಾರ ಅವರೆಕಾಳಿನ ಪಕ್ಕ ಇಡಿ. ಮ್ಯೂಸಿಯಂಗಳಲ್ಲಿ ಮೈನಸ್ 20 ಡಿಗ್ರಿ ಇಟ್ಟು ಮಾಡುವುದೂ ಇದೇ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ಉಣ್ಣೆಯ ಮೇಲೆ ನೀರು ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು ಬಿಚ್ಚಿ, ಬ್ರಷ್‌ನಿಂದ ಒರೆಸಿ. ಬೀರುವಿನ ಮೂಲೆಗಳನ್ನೂ ಗುಡಿಸಿ, ಇಲ್ಲದಿದ್ದರೆ ಮಾಡಿದ್ದು ದಂಡ. ಬಣ್ಣ ಬಳಿದ ಮರದ ಸಾಮಾನಿಗೆ ಈ ಉಪಾಯ ಬೇಡ.

ಪ್ರಶ್ನೆ: ಸ್ವೀಡನ್ ತನಕ ಯಾರು ಹೋಗ್ತಾರೆ? ಇಲ್ಲೇ ಹತ್ತಿರ ಇಂಥದ್ದು ಇಲ್ವಾ?
— ಕಾಲೇಜು ಹುಡುಗ, ಕೆಂಗೇರಿ

ಉತ್ತರ: ನೀನಂತೂ ಅರ್ಧ ದಾರಿಯಲ್ಲೇ ಇದ್ದೀಯ ಕಣಪ್ಪ. ಮೈಸೂರು ರಸ್ತೆ ಹಿಡಿದು ರಾಮನಗರದ ಹತ್ತಿರ ಇಳಿ, ಜಾನಪದ ಲೋಕ ಸಿಗುತ್ತದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ್ದು. ಹಳ್ಳಿ ಮನೆಗಳನ್ನೇ ಕಿತ್ತು ತಂದು ಬಯಲಲ್ಲಿ ನಿಲ್ಲಿಸಿ ತೋರಿಸುವ ಈ ಚಾಳಿಗೆ ದೊಡ್ಡ ಹೆಸರು ತಂದವರು ಆರ್ಟುರ್ ಹಝೇಲಿಯಸ್, ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ತೆರೆದವರು. ಜಾನಪದ ಲೋಕದಲ್ಲಿ ಗೊಂಬೆಗಳನ್ನು ಎಲ್ಲರೂ ನೋಡುತ್ತಾರೆ, ನೀನು ಅಡುಗೆಮನೆ ಸಾಮಾನಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. ಬಿಸಿಲೇರುವ ಮುಂಚೆ ಹೋಗು, ನಡೆಯೋದು ಜಾಸ್ತಿ ಇದೆ.