ಜಾಸ್ತಿ ಮತ ಬಂದರೂ ಸೋಲುವುದು ಹೇಗೆ?

2016ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 29 ಲಕ್ಷ ಮತ ಜಾಸ್ತಿ ಬಂದಿದ್ದರೂ ಟ್ರಂಪ್ ಗೆದ್ದದ್ದು ಹೇಗೆ ಅಂತ ಕೇಳಿದ್ದೀರಿ. ಅಲ್ಲಿನ ಲೆಕ್ಕವೇ ಬೇರೆ.

ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟರ್‌ಗಳು, ಅಂದರೆ ರಾಜ್ಯಗಳ ಪರವಾಗಿ ಮತ ಹಾಕುವ ಪ್ರತಿನಿಧಿಗಳು. 270 ಸಿಕ್ಕರೆ ಗೆದ್ದ ಹಾಗೆ. ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಅಂತ ಇರುತ್ತದೆ. ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದ ಕಡೆಯೆಲ್ಲ ಒಂದೇ ಒಂದು ಮತ ಮುಂದಿದ್ದರೂ ಸಾಕು, ಆ ರಾಜ್ಯದ ಎಲೆಕ್ಟರ್‌ಗಳೆಲ್ಲ ಗೆದ್ದವರ ಪಾಲು.

ಕ್ಯಾಲಿಫೋರ್ನಿಯಾದಲ್ಲಿ ಹಿಲರಿ 42 ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಸಿಕ್ಕಿದ್ದು 55 ಎಲೆಕ್ಟರ್. ಹತ್ತು ಮತದಿಂದ ಗೆದ್ದಿದ್ದರೂ ಅಷ್ಟೇ ಸಿಗುತ್ತಿತ್ತು! ಆ ಕಡೆ ಮಿಷಿಗನ್‌ನಲ್ಲಿ ಟ್ರಂಪ್ ಮುಂದಿದ್ದದ್ದು ಬರೀ 10,704 ಮತ. ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಸೇರಿಸಿದರೂ ಅಂತರ 78 ಸಾವಿರ ದಾಟುವುದಿಲ್ಲ. ಅಷ್ಟಕ್ಕೇ ಮೂರು ರಾಜ್ಯದ 46 ಎಲೆಕ್ಟರ್ ಅವರ ಕಡೆಗೆ ಹೋದವು. ಆಟ ಮುಗಿದದ್ದೇ ಅಲ್ಲಿ.

ಈ ಪದ್ಧತಿ ತೆಗೆದುಹಾಕಬಾರದಾ ಅಂತಲೂ ಕೇಳಿದ್ದೀರಲ್ಲ. ನನಗೂ ಇದು ಸರಿ ಕಾಣುವುದಿಲ್ಲ. ಆದರೆ ಅದಕ್ಕೆ ಸಂವಿಧಾನವನ್ನೇ ತಿದ್ದಬೇಕು, 38 ರಾಜ್ಯಗಳು ಒಪ್ಪಬೇಕು. ಆರು ಲಕ್ಷ ಜನವೂ ಇಲ್ಲದ ವಯೋಮಿಂಗ್‌ಗೆ ಈಗ 3 ಎಲೆಕ್ಟರ್ ಇದ್ದಾರೆ, ಜನಸಂಖ್ಯೆಗೆ ಹೋಲಿಸಿದರೆ ಅದು ಜಾಸ್ತಿಯೇ. ಅಂಥ ರಾಜ್ಯಗಳು ಸುಮ್ನೆ ಬಿಟ್ಟುಕೊಡುತ್ತವಾ?