ಗಂಜಿಯಲ್ಲಿ ಬೆರೆಸಿದ ಮಾತ್ರೆ

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ನುಂಗಲು ಒಪ್ಪದ ಕಾರಣ ಅಮ್ಮ ಅದನ್ನು ಪುಡಿಮಾಡಿ ಗಂಜಿಯಲ್ಲಿ ಬೆರೆಸುತ್ತಿದ್ದರು. ಕಳೆದ ವಾರ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಂಡು, ಬಟ್ಟಲನ್ನು ಗೋಡೆಗೆಸೆದು ಅಮ್ಮನನ್ನು ತಳ್ಳಿದ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಕೈಕಾಲು ಕಟ್ಟಿದ್ದರಿಂದ ಅಲ್ಲಿಗೆ ಹೋಗಲು ಹೆದರುತ್ತಾನೆ. ಕೋಣೆಯಲ್ಲಿ ಕೂಡಿಹಾಕಿ ಎನ್ನುತ್ತಾರೆ ನೆಂಟರು. ಇಂಥದ್ದನ್ನು ಮೊದಲೇ ತಿಳಿಯಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಆ ಬಟ್ಟಲನ್ನು ಒಮ್ಮೆ ತಮ್ಮನ ಕಣ್ಣಿನಿಂದ ನೋಡಿ. ತನಗೆ ಯಾರೋ ವಿಷವಿಕ್ಕುತ್ತಿದ್ದಾರೆಂಬ ಸಂಶಯ ಈ ಕಾಯಿಲೆಯಲ್ಲಿ ಹೊಸದಲ್ಲ. ಅಂಥ ಸಂಶಯವಿರುವವನಿಗೆ ಗಂಜಿಯ ತಳದಲ್ಲಿ ನಿಜವಾಗಿಯೂ ಪುಡಿ ಕಂಡರೆ ಅವನ ಭಯಕ್ಕೆ ಸಾಕ್ಷಿಯೇ ಸಿಕ್ಕಂತಾಯಿತು. ಇದರಲ್ಲಿ ನಿಮ್ಮ ಅಮ್ಮನ ತಪ್ಪಿಲ್ಲ, ಬೇರೆ ದಾರಿ ಯಾರೂ ತೋರಿಸದಿದ್ದಾಗ ತಾಯಂದಿರು ಮಾಡುವುದು ಇದನ್ನೇ. ಆದರೂ ಬೆರೆಸುವುದನ್ನು ನಿಲ್ಲಿಸಿ, ವೈದ್ಯರಿಗೆ ಈ ವಾರವೇ ಎಲ್ಲವನ್ನೂ ತಿಳಿಸಿ. ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ ಅವನು ಒಪ್ಪಬಹುದು. ಮಾತ್ರೆ ಬೇಡವೆನ್ನಲು ಕಾರಣವೇನೆಂದೂ ಕೇಳಿ. ಕುಳಿತಲ್ಲಿ ಕೂರಲಾಗದ ಚಡಪಡಿಕೆ ಕೆಲವು ಮಾತ್ರೆಗಳದೇ ಅಡ್ಡಪರಿಣಾಮವಾಗಿದ್ದು, ಅದನ್ನು ಮನೆಯವರು ರೋಷವೆಂದು ತಿಳಿಯುವುದುಂಟು.

ಮನೋರೋಗಿಗಳಲ್ಲಿ ಹೆಚ್ಚಿನವರು ಯಾರ ಮೇಲೂ ಕೈಯೆತ್ತುವವರಲ್ಲ. ಮುಂದಿನ ತಿಂಗಳು ಒಬ್ಬನು ಏನು ಮಾಡುತ್ತಾನೆಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು, ಮುಂದಿನ ಒಂದು ದಿನದ ಸೂಚನೆಯನ್ನು ಮಾತ್ರ ತಕ್ಕಮಟ್ಟಿಗೆ ಓದಬಹುದು. ಹಿಂಸೆಯ ಮುನ್ಸೂಚನೆ ಗುರುತಿಸಲೆಂದು ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್ ಪಟ್ಟಿಯಲ್ಲಿ ದಾದಿಯರು ನೋಡುವುದು ಆರೇ ಸಂಗತಿ: ಗೊಂದಲ, ಸಿಡುಕು, ಅಬ್ಬರ, ಬಾಯಿಮಾತಿನ ಬೆದರಿಕೆ, ಹೊಡೆಯಲು ಬರುವಂಥ ಹಾವಭಾವ, ವಸ್ತುಗಳ ಮೇಲೆ ದಾಳಿ. ಇವು ಅವನ ನಿತ್ಯದ ಸ್ವಭಾವಕ್ಕಿಂತ ಹೆಚ್ಚಿವೆಯೇ ಎಂಬುದು ಮುಖ್ಯ, ಅದನ್ನು ಹೊರಗಿನವರಿಗಿಂತ ನೀವೇ ಚೆನ್ನಾಗಿ ಬಲ್ಲಿರಿ. ನಿದ್ದೆಗೆಟ್ಟಾಗ, ಕುಡಿದಾಗ ಇನ್ನಷ್ಟು ಎಚ್ಚರ ಬೇಕು.

ಆ ಹೊತ್ತಿನಲ್ಲಿ ಮಾತನಾಡುವವರು ಒಬ್ಬರೇ ಇರಲಿ, ಎರಡು ತೋಳಿನಷ್ಟು ದೂರ ನಿಂತು, ಮೆಲುದನಿಯಲ್ಲಿ. ವಿಷವಿಲ್ಲವೆಂದು ವಾದಿಸಬೇಡಿ, 'ನಿನಗೆ ಹೆದರಿಕೆಯಾಗಿದೆ, ನಾನು ಇಲ್ಲೇ ಇದ್ದೇನೆ' ಎಂದರೆ ಸಾಕು. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಜಗಲಿಯಲ್ಲಿ ನೆರೆದವರನ್ನು ಕಳುಹಿಸಿ. ತೋಟದ ಕತ್ತಿ, ಕೊಡಲಿಗಳನ್ನು ಮೊದಲೇ ಬೇರೆಡೆಗೆ ಸಾಗಿಸಿರಿ. ಕೈಮೀರಿತೆಂದರೆ ಅಮ್ಮನೊಡನೆ ಹೊರಬಂದು 112ಕ್ಕೆ ಕರೆಮಾಡಿ.

ನೆಂಟರ ಸಲಹೆಯನ್ನು ಖಂಡಿತ ಒಪ್ಪಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದುದರಿಂದ ಓಡಲಾಗದೆ 28 ಮನೋರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನೂ ಒಂಟಿಸೆರೆಯನ್ನೂ ನಿಷೇಧಿಸಿದೆ. ಆಸ್ಪತ್ರೆಯಲ್ಲಿ ಕಟ್ಟಿಹಾಕುವುದಕ್ಕೂ ಕೂಡಲೇ ಆಗಲಿರುವ ಅಪಾಯವನ್ನು ತಡೆಯಲು ಬೇರೆ ಉಪಾಯವಿಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯೊಡನೆ, ಅವಕಾಶವಿದೆ. ಶಿಕ್ಷೆಗಾಗಲಿ, ಸಿಬ್ಬಂದಿ ಸಾಲದೆಂದಾಗಲಿ ಕಟ್ಟುವಂತಿಲ್ಲ. ತಮ್ಮ ಸಮಾಧಾನದಲ್ಲಿದ್ದಾಗ, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡವೆಂಬ ಮುಂಗಡ ನಿರ್ದೇಶನವನ್ನು ಅವನೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸದಿದ್ದರೂ, ಕಟ್ಟಿಸಿಕೊಂಡ ಆ ದಿನದ ಬಗ್ಗೆ ಅವನು ಬಾಯಿಬಿಡಲು ಅದೊಂದು ನೆವವಾದೀತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ನಾಳೆಯಿಂದ ಗಂಜಿಯನ್ನು ಅವನೇ ಬಡಿಸಿಕೊಳ್ಳಲಿ, ಅಮ್ಮನೂ ಅದೇ ಪಾತ್ರೆಯಿಂದ ಬಡಿಸಿಕೊಂಡು ಅವನ ಎದುರೇ ಕುಳಿತು ಉಣ್ಣಲಿ.