ಸಿಎ ಪಾಸಾಗುವುದು ಬುದ್ಧಿವಂತಿಕೆಯಿಂದಲೋ, ಛಲದಿಂದಲೋ?

ನಿಮ್ಮ ತಮ್ಮ ಸಿಎ ಇಂಟರ್‌ನಲ್ಲಿ (ಫೈನಲ್‌ಗೆ ಮುಂಚಿನ ಹಂತದ ಪರೀಕ್ಷೆ) ಮತ್ತೆ ಫೇಲಾಗಿದ್ದಾನೆ, ‘ಅವನಿಗೆ ಅಷ್ಟು ತಲೆ ಇಲ್ಲ’ ಅಂತ ಮನೆಯಲ್ಲಿ ಮಾತು ಶುರುವಾಗಿದೆ, ನಿಜಕ್ಕೂ ಈ ಪರೀಕ್ಷೆಗೆ ಬೇಕಿರುವುದು ಬುದ್ಧಿವಂತಿಕೆಯೋ ಛಲವೋ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಸಿಎ ಪ್ರಾಕ್ಟೀಸ್ ಮಾಡುತ್ತೇನೆ. ನಮ್ಮ ಆಫೀಸಿನಲ್ಲಿ ಯಾವಾಗಲೂ ಇಬ್ಬರೋ ಮೂವರೋ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರು ಮಾಡಬೇಕಾದ ಕೆಲಸದ ತರಬೇತಿ, ಮಾಡುತ್ತಾ ಇರುತ್ತಾರೆ. ಅವರು ಓದುವುದು, ಬರೆಯುವುದು, ರಿಸಲ್ಟ್ ದಿನ ಊಟ ಬಿಡುವುದು ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ನನ್ನ ಉತ್ತರ ಇಷ್ಟೇ: ಛಲದ ಪಾಲೇ ಜಾಸ್ತಿ. ಆದರೆ ಪ್ರತಿ ಸಲ ಫೇಲಾದಾಗ ಓದುವ ರೀತಿ ಬದಲಾಯಿಸಿಕೊಳ್ಳುವ ಛಲ ಅದು. ಸುಮ್ನೆ ಹೆಚ್ಚು ಹೊತ್ತು ಕೂತರೆ ಸಾಲದು.

ಮೊದಲು ಪಾಸಾಗುವ ಲೆಕ್ಕ ನೋಡಿ. ಇಂಟರ್‌ನಲ್ಲಿ ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಪ್ರತಿ ಪೇಪರ್‌ನಲ್ಲಿ 40 ಬರಬೇಕು, ಜೊತೆಗೆ ಗ್ರೂಪಿನ ಒಟ್ಟು 300ಕ್ಕೆ 150 ಆಗಬೇಕು. ಅಂದರೆ 50, 50, 50 ತೆಗೆದವನು ಪಾಸು. 70, 70, 39 ತೆಗೆದವನು ಒಟ್ಟು 179 ಬಂದರೂ ಫೇಲು. ಇವರಲ್ಲಿ ಯಾರು ಹೆಚ್ಚು ಬುದ್ಧಿವಂತ ಅಂತ ಈ ರಿಸಲ್ಟ್ ನೋಡಿ ಹೇಳೋಕಾಗುತ್ತಾ? ಎರಡನೆಯವನಿಗೆ ಅಕೌಂಟ್ಸ್ ನೀರು ಕುಡಿದಷ್ಟು ಸಲೀಸಾಗಿರಬಹುದು, ಲಾ ಪೇಪರ್ ಮಾತ್ರ ಬೇಸರ ತರಿಸಿರಬಹುದು. ಆ ಬೇಸರದ ಪೇಪರ್ ಎದುರು ದಿನಾ ಕೂರುವ ತಾಳ್ಮೆಯನ್ನೇ ಈ ನಿಯಮ ಕೇಳುತ್ತದೆ. ಹಾಗಂತ ಅವನ ಶ್ರಮ ಪೂರ್ತಿ ನೀರುಪಾಲಾಗುವುದಿಲ್ಲ. ಫೇಲಾದ ಗ್ರೂಪಿನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಬಂದ ಪೇಪರ್‌ಗೆ ಎಕ್ಸೆಂಪ್ಷನ್ ಸಿಗುತ್ತದೆ, ಮುಂದಿನ ಮೂರು ಅಟೆಂಪ್ಟ್‌ವರೆಗೆ ಅದನ್ನು ಮತ್ತೆ ಬರೆಯಬೇಕಿಲ್ಲ.

ಇನ್ನೊಂದು ಅಂಕಿ ಹೇಳುತ್ತೇನೆ, ಇದನ್ನು ನಿಮ್ಮ ಮನೆಯವರಿಗೂ ತೋರಿಸಿ. 2023ರ ನವೆಂಬರ್‌ನ ಫೈನಲ್ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇ. 9.42 ಮಾತ್ರ, ಅಂದರೆ 3,099 ಜನ. ದಿನಪತ್ರಿಕೆಯವರು ದಪ್ಪಕ್ಷರದಲ್ಲಿ ಹಾಕುವುದು ಈ ಶೇಕಡಾವಾರನ್ನೇ. ಆದರೆ ಆ ಸಲ ಸಿಎ ಆದವರು ಒಟ್ಟು 8,650 ಮಂದಿ. ಉಳಿದ ಐದೂವರೆ ಸಾವಿರ ಜನ ಒಂದು ಗ್ರೂಪ್ ಮೊದಲೇ ಮುಗಿಸಿಕೊಂಡು, ಇನ್ನೊಂದನ್ನು ಆಗ ಮುಗಿಸಿದವರು. ಅವರಲ್ಲಿ ಬೇಕಂತಲೇ ಒಂದೊಂದೇ ಗ್ರೂಪ್ ಬರೆದವರೂ ಇರುತ್ತಾರೆ, ಬಿದ್ದು ಎದ್ದು ಬಂದವರೂ ಇರುತ್ತಾರೆ. ಇವತ್ತು ಅವರ ಹೆಸರಿನ ಹಿಂದೆ ಇರುವುದು ಅದೇ ಎರಡಕ್ಷರ. ಯಾವ ಕ್ಲೈಂಟೂ ‘ಎಷ್ಟನೇ ಅಟೆಂಪ್ಟ್’ ಅಂತ ಕೇಳಿಕೊಂಡು ಫೈಲು ಕೊಡುವುದಿಲ್ಲ.

ಹಾಗಾದರೆ ಬುದ್ಧಿವಂತಿಕೆ ಬೇಡವೇ? ಬೇಕು. ಎಲ್ಲಿ ಬೇಕು ಅನ್ನುವುದಕ್ಕೆ ನಮ್ಮ ಆಫೀಸಿನದೇ ಒಂದು ಉದಾಹರಣೆ ಕೊಡುತ್ತೇನೆ. ಫೈನಲ್‌ಗೆ ಓದುತ್ತಿದ್ದ ಒಬ್ಬ ಹುಡುಗ, ಒಬ್ಬಳು ಹುಡುಗಿ ಇದ್ದರು. ಹುಡುಗ ಭಾರೀ ಚುರುಕು. ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಕಣ್ಣಾಡಿಸಿ ಯಾವ ಚೆಕ್ ಎರಡು ಸಲ ಎಂಟ್ರಿ ಆಗಿದೆ ಅಂತ ಹಿಡಿದುಬಿಡುತ್ತಿದ್ದ. ಹುಡುಗಿ ಪುಸ್ತಕ ಕೆಳಗಿಟ್ಟವಳೇ ಅಲ್ಲ. ಇಬ್ಬರಿಗೂ ಜಿಎಸ್‌ಟಿಯ ಒಂದು ಟೆಸ್ಟ್ ಬರೆಸಿದೆ. ಅದರಲ್ಲಿ ಒಂದು ಪ್ರಶ್ನೆ: ಒಂದು ಡ್ರೈವಿಂಗ್ ಸ್ಕೂಲ್ ಏಳು ಸೀಟಿನ ಕಾರು ಕೊಂಡು ಅದರಲ್ಲೇ ಡ್ರೈವಿಂಗ್ ಕಲಿಸುತ್ತದೆ. ಕಾರಿಗೆ ಕಟ್ಟಿದ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆಯೇ, ಅಂದರೆ ಸ್ಕೂಲ್ ತಾನು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದೇ?

ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ ಸೆಕ್ಷನ್ 17(5) ಪ್ರಕಾರ ಡ್ರೈವರ್ ಸೇರಿ 13 ಜನದವರೆಗೆ ಕೂರುವ ವಾಹನಕ್ಕೆ ಕ್ರೆಡಿಟ್ ಇಲ್ಲ. ಆದರೆ ಕೆಲವು ವಿನಾಯಿತಿ ಇವೆ. ವಾಹನ ಮಾರುವ ವ್ಯಾಪಾರ, ಪ್ರಯಾಣಿಕರ ಸಾಗಣೆ, ಡ್ರೈವಿಂಗ್ ಕಲಿಸುವುದು, ಇವಕ್ಕೆ ಬಳಸಿದರೆ ಸಿಗುತ್ತದೆ. ಹುಡುಗಿ ಸೆಕ್ಷನ್ ನಂಬರ್, 13 ಸೀಟಿನ ನಿಯಮ ಎಲ್ಲ ಸೇರಿಸಿ ಮುಕ್ಕಾಲು ಪುಟ ಬರೆದು ಕೊನೆಗೆ ‘ಕ್ರೆಡಿಟ್ ಸಿಗುವುದಿಲ್ಲ’ ಅಂದಳು. ಕೊಂಡವರು ಡ್ರೈವಿಂಗ್ ಸ್ಕೂಲ್‌ನವರು ಅನ್ನುವುದು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಹುಡುಗ ‘ಸಿಗುತ್ತದೆ, ಕಲಿಸಲು ಬಳಸುತ್ತಾರೆ’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದ. ಉತ್ತರ ಸರಿ, ಅಂಕ ಮಾತ್ರ ಕಮ್ಮಿ. ಮೊದಲು ಕಾನೂನು ಏನು ಹೇಳುತ್ತದೆ, ಅದು ಈ ಕೇಸಿಗೆ ಹೇಗೆ ಹೊಂದುತ್ತದೆ, ಆಮೇಲೆ ತೀರ್ಮಾನ, ಹೀಗೆ ಬಿಡಿಸಿ ಬರೆದರೇನೇ ಪೂರ್ತಿ ಅಂಕ.

ಈಗ ಹೇಳಿ, ಇಬ್ಬರಲ್ಲಿ ಯಾರಿಗೆ ‘ತಲೆ ಇಲ್ಲ’? ಅವಳು ಪ್ರಶ್ನೆಯನ್ನು ನಿಧಾನವಾಗಿ ಓದುವುದನ್ನು ಕಲಿಯಬೇಕಿತ್ತು, ಅವನು ಬಿಡಿಸಿ ಬರೆಯುವುದನ್ನು. ಎರಡೂ ಕಲಿತು ಬರುವಂಥವೇ. ಕಲಿತರು ಕೂಡ. ಅವಳು ಪೆನ್ಸಿಲ್‌ನಿಂದ ಪ್ರಶ್ನೆಯಲ್ಲಿ ‘ಯಾರು, ಯಾಕೆ’ ಅನ್ನುವುದಕ್ಕೆ ಗೆರೆ ಎಳೆಯದೆ ಉತ್ತರ ಶುರು ಮಾಡುವುದನ್ನೇ ಬಿಟ್ಟಳು. ಅವನಿಗೆ ಬಿಡಿಸಿ ಬರೆಯುವುದು ಕಷ್ಟವಾಯಿತು. ಗೊತ್ತಿರುವುದನ್ನು ಮತ್ತೆ ಬರೆಯುವುದು ಚುರುಕಾದ ಮಕ್ಕಳಿಗೆ ಶಿಕ್ಷೆಯ ಥರ ಅನಿಸುತ್ತದೆ.

ಬರೀ ಬಾಯಿಪಾಠ ನೆಚ್ಚಿಕೊಂಡವರಿಗೆ ಈಗಿನ ಕಾಲ ಇನ್ನೂ ಕಷ್ಟ. ಟ್ಯಾಕ್ಸ್ ನಿಯಮಗಳು ಪ್ರತಿ ವರ್ಷ ಬದಲಾಗುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, ಜಾರಿ 2026ರ ಏಪ್ರಿಲ್ 1ರಿಂದ. ಉಳಿತಾಯಕ್ಕೆ ತೆರಿಗೆ ರಿಯಾಯಿತಿ ಕೊಡುವ, ಎಲ್ಲರ ಬಾಯಲ್ಲಿದ್ದ ಸೆಕ್ಷನ್ 80ಸಿ ಈಗ ಸೆಕ್ಷನ್ 123. ನಂಬರ್ ಮಾತ್ರ ಕಲಿತವನು ಮತ್ತೆ ಮೊದಲಿಂದ ಶುರು ಮಾಡಬೇಕು. ಯಾಕೆ ಆ ನಿಯಮ ಇದೆ ಅಂತ ತಿಳಿದುಕೊಂಡವನಿಗೆ ಹೊಸ ನಂಬರ್ ಹಚ್ಚಿಕೊಂಡರೆ ಮುಗಿಯಿತು. ಹಳೇ ನೋಟ್ಸ್ ಇಟ್ಟುಕೊಂಡೇ ಅಟೆಂಪ್ಟ್ ಮೇಲೆ ಅಟೆಂಪ್ಟ್ ಕೊಡುವವರನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ. ಅವರ ಶ್ರಮ ಸುಳ್ಳಲ್ಲ, ಆದರೆ ಅದು ಸರಿಯಾದ ಕಡೆ ಹೋಗುತ್ತಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಹೇಳಿಕೊಳ್ಳುವುದೇ ಇಲ್ಲ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಹಾವೇರಿ, ಗದಗ ಕಡೆಯ ಮಕ್ಕಳು ಬರುತ್ತಾರೆ. ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಕಂಪನಿ ಲಾ, ಆಡಿಟಿಂಗ್ ಬಂದಾಗ ಕೈ ನಿಂತುಬಿಡುತ್ತದೆ. ವಿಷಯವನ್ನು ಕನ್ನಡದಲ್ಲಿ ಕೇಳಿದರೆ ಪಟಪಟ ಹೇಳುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಮೂರು ಗಂಟೆಯೊಳಗೆ ಬರೆದು ಮುಗಿಸಬೇಕು ಅಂದಾಗ ಹಿಂದೆ ಬೀಳುತ್ತಾರೆ. ಇಂಥವರನ್ನು ದಡ್ಡರು ಅನ್ನುವುದು ಅನ್ಯಾಯ. ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗಿಂತ ಇವರಿಗೆ ಒಂದು ವರ್ಷ ಜಾಸ್ತಿ ಹಿಡಿದರೆ, ಆ ವರ್ಷ ಭಾಷೆಗೆ ಹೋದ ವರ್ಷ. ಖರ್ಚಿನ ಮಾತೂ ಹೀಗೇ. ಕೋಚಿಂಗ್ ಫೀಸ್ ಕಟ್ಟಿ ಮನೆಯಲ್ಲಿ ಕೂತು ಓದುವವರೂ ಇದ್ದಾರೆ, ಬೇರೆಯವರ ಅಂಗಡಿ ಲೆಕ್ಕ ಬರೆದುಕೊಡುತ್ತಾ ಓದುವವರೂ ಇದ್ದಾರೆ.

ಎಲ್ಲಿಯವರೆಗೆ ಮುಂದುವರಿಸಬೇಕು ಅನ್ನುವುದಕ್ಕೆ ನಾನು ನೋಡುವುದು ಒಂದನ್ನೇ: ಫೇಲಾದ ಪೇಪರ್‌ನಲ್ಲಿ ಅಂಕ ಮೇಲೆ ಬರುತ್ತಿದೆಯಾ? 28 ಇದ್ದದ್ದು 34 ಆಗಿ, 38 ಆಗಿದ್ದರೆ ಈಗ ಬಿಡಬಾರದು. ಅಲ್ಲಲ್ಲೇ ಸುತ್ತುತ್ತಿದ್ದರೆ ಓದುವ ಕ್ರಮವನ್ನೇ ಬದಲಿಸಬೇಕು. ಅವನಿಗೇ ಈ ಕೆಲಸದಲ್ಲಿ ಮನಸ್ಸಿಲ್ಲ, ನಿಮಗೋಸ್ಕರ ಓದುತ್ತಿದ್ದಾನೆ ಅಂತಾದರೆ ಬಿಡಲಿ, ಅದರಲ್ಲಿ ಅವಮಾನವೇನಿಲ್ಲ. ಇಂಟರ್‌ಗೆ ಓದಿದ ಅಕೌಂಟ್ಸ್, ಜಿಎಸ್‌ಟಿ ಮೇಲೆ ಒಳ್ಳೆಯ ಕೆಲಸ ಹಿಡಿದವರು ಎಷ್ಟೋ ಜನ ಇದ್ದಾರೆ.

ಸದ್ಯಕ್ಕೆ ಅವನ ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿಸಿ. ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟ್ ಸಜೆಸ್ಟೆಡ್ ಆನ್ಸರ್ಸ್, ಅಂದರೆ ಮಾದರಿ ಉತ್ತರಗಳನ್ನು, ಪ್ರಕಟಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಅಂಕ ಹೋಗಿದ್ದು ಗೊತ್ತಿಲ್ಲದೆಯೋ, ಟೈಮ್ ಸಾಲದೆಯೋ, ಬಿಡಿಸಿ ಬರೆಯದೆಯೋ ಅಂತ ಅವನೇ ಗುರುತು ಹಾಕಲಿ. ಪೇಪರ್‌ವಾರು ಅಂಕ ಇಲ್ಲಿ ಬರೆದರೆ ನಾನೂ ನೋಡಿ ಹೇಳುತ್ತೇನೆ.